ಎಪ್ಪತ್ತೈದು ಕೆ.ಜಿ.ಯ ಒಳಗೆ

ನಮ್ಮೂರಿನ ಹಾಲಿನ ಡೈರಿಯಲ್ಲಿ ನಾನು ಟೆಸ್ಟರ್. ಬೆಳಗ್ಗೆ ಆರರಿಂದ ಎಂಟು, ಸಂಜೆ ಐದೂವರೆಯಿಂದ ಏಳು, ಕ್ಯಾನು ಹಿಡಿದು ಬಂದವರ ಹಾಲನ್ನು ತಕ್ಕಡಿಗಿಟ್ಟು ಇಷ್ಟು ಲೀಟರ್ ಅಂತ ಬರೆಯಬೇಕು. ಆಮೇಲೆ ಒಂದು ಚಿಕ್ಕ ಬಾಟಲಿಯಷ್ಟು ಹಾಲನ್ನು ಮೆಷಿನ್ನಿಗೆ ಕೊಟ್ಟು, ಫ್ಯಾಟ್ ಎಷ್ಟಿದೆ, ನೀರು ಎಷ್ಟು ಬೆರೆತಿದೆ ಅಂತ ತಂದವರ ಮುಖಕ್ಕೇ ಹೇಳಬೇಕು. ಹೀಗಾಗಿ ಊರಲ್ಲಿ ನನ್ನ ಕಂಡರೆ ಆಗುವವರು ಕಡಿಮೆ. 'ಶ್ಯಾಮಲ ಯಾವುದನ್ನೂ ಕೆದಕದೆ ಬಿಡುವವಳಲ್ಲ' ಅನ್ನುವುದು ಅವರ ದೂರು. ದೂರು ನಿಜವೇ, ನಾನೇನೂ ಇಲ್ಲ ಅನ್ನುವುದಿಲ್ಲ.

ಅಂಥವಳ ಮನೆಗೆ ನಮ್ಮಣ್ಣ ಗಿರಿ ಇಪ್ಪತ್ತೆಂಟು ದಿನದ ರಜದ ಮೇಲೆ ಬಂದ. ಅವನು ಸೈನ್ಯ ಸೇರಿ ಒಂಬತ್ತು ವರ್ಷ. ಸಾಮಾನ್ಯವಾಗಿ ರಜಕ್ಕೆ ಬಂದವರ ಟ್ರಂಕಿನಲ್ಲಿ ಕ್ಯಾಂಟೀನಿನ ಸೋಪು, ಸೂಟ್‌ಕೇಸು, ಕಂಬಳಿ ಇರುತ್ತವೆ. ಇವನ ಚೀಲದಿಂದ ಹೊರಬಂದದ್ದು ಅಂಗೈಯಗಲದ ಅಡುಗೆ ತಕ್ಕಡಿ, ನಾಲ್ಕು ಪ್ಲಾಸ್ಟಿಕ್ ಡಬ್ಬಿ, ಉದ್ದುದ್ದ ರಬ್ಬರ್ ಪಟ್ಟಿಗಳು, ಒಂದು ಹಳೇ ಫ್ಲಾಸ್ಕು. ನಾನು ಒಂದೊಂದನ್ನೂ ಎತ್ತಿ ನೋಡಿ, ಇದು ಯಾಕೆ, ಅದು ಯಾಕೆ ಅಂತ ಕೇಳತೊಡಗಿದೆ. ಅಮ್ಮ ಮಾತ್ರ ಚೀಲದ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಮಗನ ಕೆನ್ನೆಯ ಮೇಲಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು.

"ಅಲ್ಲಿ ಒಟ್ಟೆಗೆ ಏನೂ ಆಕಲ್ವೇನ್ಲಾ ನಿಂಗೆ?" ಅಂದಳು ಅಮ್ಮ.

"ಆಕ್ತಾರಮ್ಮ. ನಾನೇ ಕಡ್ಮೆ ಉಣ್ತೀನಿ," ಅಂದ ಗಿರಿ.

ಕೊಟ್ಟರೂ ಉಣ್ಣುವುದಿಲ್ಲ ಅಂದದ್ದು ಅಮ್ಮನಿಗೆ ಇನ್ನೂ ಕೆಟ್ಟದಾಗಿ ಕೇಳಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಾಟಿ ಕೋಳಿ ಹಿಡಿಯಲು ಹಿತ್ತಲಿಗೆ ಹೋದಳು. ಆಮೇಲೆ ಅವನು ಸ್ನಾನಕ್ಕೆ ಅಂಗಿ ಬಿಚ್ಚಿದ. ಅವನ ಬೆನ್ನು ಆಗತಾನೇ ಉತ್ತ ಹೊಲದ ಹಾಗೆ ಸಾಲುಸಾಲಾಗಿತ್ತು. ಕೆನ್ನೆ ಸೊರಗಿದೆ, ಭುಜ ಬಾಗಿಲು ತುಂಬುತ್ತದೆ. ಒಂದೇ ಮೈಯಲ್ಲಿ ಎರಡು ಹೇಗೆ ಸಾಧ್ಯ ಅಂತ ನನಗೆ ಕುತೂಹಲ ಹತ್ತಿಕೊಂಡಿತು.

"ನಿನ್ ಮೈನಲ್ಲಿ ಫ್ಯಾಟ್ ಎಷ್ಟಣ್ಣಾ?" ಅಂತ ಕೇಳಿಯೇಬಿಟ್ಟೆ.

"ಈಗ ಒಂಬತ್ತು ಐತೆ. ಆರಕ್ಕೆ ಇಳೀಬೇಕು."

"ಒಂಬತ್ತು ಬಂದ್ರೆ ನಮ್ ಡೈರಿನಲ್ಲಿ ಆ ಎಮ್ಮೆಗೆ ಹಾರ ಆಕ್ತಾರೆ. ನೀನು ಇಳಿಸ್ತೀನಿ ಅಂತೀಯಲ್ಲ!"

ಅವನು ನಕ್ಕ. ಆಮೇಲೆ ನನಗೊಬ್ಬಳಿಗೇ ವಿಷಯ ಬಿಡಿಸಿ ಹೇಳಿದ. ಸೈನ್ಯದಲ್ಲಿ ದೇಹದಾರ್ಢ್ಯದ ತಂಡವಿದೆ. ಅದಕ್ಕೆ ಆಯ್ಕೆ ನಡೆಯುವುದು ಪುಣೆಯಲ್ಲಿ, ಇವನ ರಜ ಮುಗಿದ ಮೇಲಿನ ಸೋಮವಾರ. ಎಪ್ಪತ್ತೈದು ಕೆ.ಜಿ.ಯ ಒಳಗಿದ್ದರೆ ಅವನ ಅಳತೆಯವರ ಜೊತೆ ನಿಲ್ಲಬಹುದು. ನೂರು ಗ್ರಾಂ ಹೆಚ್ಚಿದ್ದರೂ ಎಂಬತ್ತರ ಗುಂಪಿಗೆ ತಳ್ಳುತ್ತಾರೆ, ಅಲ್ಲಿರುವವರ ಪಕ್ಕ ಇವನು ಸೊಳ್ಳೆ. ತಂಡಕ್ಕೆ ಸೇರಿದರೆ ತಾಲೀಮೇ ಡ್ಯೂಟಿ, ಊಟವೂ ಅವರದೇ. ಸೇರದಿದ್ದರೆ ಮತ್ತೆ ಮಂಜಿನ ಗುಡ್ಡದ ಪೋಸ್ಟಿಗೆ ಹತ್ತಬೇಕು. 'ಇದೊಂದು ಸಲ ಕಳಿಸ್ತೀನಿ, ಆಗಲಿಲ್ಲ ಅಂದ್ರೆ ಡಂಬಲ್ಸ್ ಮರೆತುಬಿಡು' ಅಂತ ಅವನ ಅಧಿಕಾರಿ ಮೊದಲೇ ಹೇಳಿ ಕಳಿಸಿದ್ದರು.

"ಆ ಗುಡ್ಡದ ಮೇಲೆ ಡಂಬಲ್ಸ್ ಎಲ್ಲಿತ್ತು?" ಅಂದೆ.

ಅಲ್ಲಿಂದ ಶುರುವಾಯಿತು ನನ್ನ ವಿಚಾರಣೆ. ದಿನಾ ಸಂಜೆ ಡೈರಿ ಮುಗಿಸಿ ಬಂದು ಹಿತ್ತಲಲ್ಲಿ ಅವನ ಪಕ್ಕ ಕೂತರೆ ಒಂದೊಂದೇ ಹೊರಬರುತ್ತಿತ್ತು. ಸೀಮೆಎಣ್ಣೆಯ ಖಾಲಿ ಕ್ಯಾನುಗಳಿಗೆ ಮರಳು ತುಂಬಿ ಎತ್ತುತ್ತಿದ್ದನಂತೆ. ತಂತಿಬೇಲಿಗೆ ನೆಡುವ ಕಬ್ಬಿಣದ ಗೂಟಗಳನ್ನು ಕಟ್ಟಾಗಿ ಕಟ್ಟಿ ಹೆಗಲ ಮೇಲಿಟ್ಟು ಬಸ್ಕಿ ಹೊಡೆಯುತ್ತಿದ್ದನಂತೆ. ಅಷ್ಟು ಎತ್ತರದಲ್ಲಿ ಹತ್ತು ಬಸ್ಕಿಗೆ ಮೂವತ್ತರ ಏದುಸಿರು. ಲಂಗರಿನಲ್ಲಿ, ಅಂದರೆ ಅವರ ಊಟದ ಮನೆಯಲ್ಲಿ, ಪೂರಿ, ಪರೋಟ, ಎಣ್ಣೆ ತೇಲುವ ಪಲ್ಯ. ಇವನು ಪಲ್ಯವನ್ನು ಬಿಸಿನೀರಲ್ಲಿ ಅದ್ದಿ ತಿನ್ನುತ್ತಿದ್ದ. ಕುಡಿಯುವ ಅಭ್ಯಾಸವಿಲ್ಲದ್ದರಿಂದ ತನ್ನ ಪಾಲಿನ ರಮ್ಮನ್ನು ಬೇರೆಯವರಿಗೆ ಕೊಟ್ಟು ಅವರ ಪಾಲಿನ ಮೊಟ್ಟೆ ತಗೊಳ್ಳುತ್ತಿದ್ದ. ಕಾವಲಿಗೆ ನಿಂತಾಗ ನೆನೆಸಿದ ಕಡಲೆ ಜೇಬಿನಲ್ಲೇ ಕಲ್ಲಾಗುತ್ತಿತ್ತು, ಅದಕ್ಕೇ ಆ ಫ್ಲಾಸ್ಕು. ಇಷ್ಟೆಲ್ಲ ಮಾಡಿಯೂ ಐದು ಕಿಲೋಮೀಟರ್ ಓಟದಲ್ಲಿ ಪಾಸಾಗಬೇಕು. ಮೈ ಬೆಳೆದರೆ ಓಟ ನಿಧಾನ, ಓಟ ಹೆಚ್ಚಿದರೆ ಮೈ ಕರಗುತ್ತದೆ.

"ನಮ್ ಸುಬೇದಾರ್ ಸಾಹೇಬ್ರು ಕೇಳೋರು, ಗಡಿ ಕಾಯಕ್ ಬಂದಿದ್ದೀಯೋ ಮೈ ತೋರ್ಸಕ್ ಬಂದಿದ್ದೀಯೋ ಅಂತ," ಅಂದ.

"ನೀನೇನಂದೆ?"

"ಏನೂ ಅನ್ನಲಿಲ್ಲ. ಒಂದು ದಿನಾನೂ ಡ್ಯೂಟಿ ತಪ್ಪಿಸ್ಲಿಲ್ಲ. ಅವರೇ ಸುಮ್ಕಾದ್ರು."

ಒಂಬತ್ತು ವರ್ಷದಲ್ಲಿ ಇವನು ಒಂದು ಸಲವೂ ಇದನ್ನೆಲ್ಲ ನಮಗೆ ಹೇಳಿರಲಿಲ್ಲ. ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು.

ಮನೆಯಲ್ಲಿ ಅಮ್ಮನ ಮತ್ತು ಅವನ ಯುದ್ಧ ನಡೆದೇ ಇತ್ತು. ಅಪ್ಪ ಯಾರ ಕಡೆಗೂ ಸೇರದೆ ಹಸುಗಳ ಹಿಂದೆಯೇ ಇರುತ್ತಿದ್ದ. ದಿನಕ್ಕೆ ಎಂಟು ಮೊಟ್ಟೆಯ ಬಿಳಿ, ಎಣ್ಣೆಯಿಲ್ಲದೆ ಬೇಯಿಸಿದ ಕೋಳಿ, ತೂಗಿ ಇಟ್ಟ ನಿಂಬೆಹಣ್ಣಿನಷ್ಟು ರಾಗಿಮುದ್ದೆ. ಉಳಿದ ಹಳದಿಯನ್ನು ಎಸೆಯಲು ಮನಸ್ಸಾಗದೆ ಅಮ್ಮ ನಾಯಿಗೆ ಹಾಕಿದಳು. ಎರಡು ವಾರದಲ್ಲಿ ನಾಯಿ ಗುಂಡಗಾಗಿ ಬೊಗಳುವುದನ್ನೇ ಬಿಟ್ಟಿತು. ಬೇತಮಂಗಲದ ಚಿಕ್ಕಮ್ಮ, ಬಂಗಾರಪೇಟೆಯ ಮಾವ, ಎಲ್ಲರೂ ಊಟಕ್ಕೆ ಕರೆದರು. ನಮ್ಮ ಕಡೆ ಮಿಲಿಟರಿಯಿಂದ ಬಂದವನನ್ನು ನೆಂಟರೆಲ್ಲ ಸರದಿಯಲ್ಲಿ ಕರೆದು ಉಣ್ಣಿಸುತ್ತಾರೆ. ಅವನು ಉಣ್ಣದಿದ್ದರೆ ಮನೆಯವರಿಗೆ ಅವಮಾನ. ಗಿರಿ ಹೋದಲ್ಲೆಲ್ಲ ತನ್ನ ಡಬ್ಬಿ ಬಿಚ್ಚಿ ಕೂತ. ಚಿಕ್ಕಮ್ಮ ಮಾತು ಬಿಟ್ಟಳು.

ಅಮ್ಮ ಕೊನೆಗೆ ಒಂದೇ ಒಂದು ಬೇಡಿಕೆಗೆ ಇಳಿದಳು. "ಓಗೋ ದಿನ ನನ್ ಕೈಯಾರೆ ಒಂದ್ ಮುದ್ದೆ ಉಣ್ಣಿಸ್ತೀನಿ. ಅದಕ್ಕಾದ್ರೂ ಇಲ್ಲ ಅನ್ಬೇಡ ಕಣ್ಲಾ."

"ತೂಕ ಎಪ್ಪತ್ತೈದರೊಳಗೆ ಬಂದ್ರೆ ಉಣ್ತೀನಮ್ಮ. ಬರ್ಲಿಲ್ಲ ಅಂದ್ರೆ ಇಲ್ಲ," ಅಂದ ಅವನು. ಅಮ್ಮ ಅಂದಿನಿಂದ ತೂಕದ ವಿಷಯ ನನ್ನನ್ನು ದಿನಾ ಕೇಳಲು ಶುರುಮಾಡಿದಳು.

ತೂಕ ನೋಡುವುದು ನನ್ನ ಜವಾಬ್ದಾರಿಯಾಗಿತ್ತು. ಬೆಳಗ್ಗೆ ಡೈರಿ ಬಾಗಿಲು ತೆಗೆದ ಕೂಡಲೇ, ಮೊದಲ ಕ್ಯಾನು ಬರುವ ಮುಂಚೆ, ಅವನು ಬರಿಗಾಲಲ್ಲಿ ನಮ್ಮ ತಕ್ಕಡಿಯ ಮೇಲೆ ನಿಲ್ಲುತ್ತಿದ್ದ. ಕೆಂಪು ಅಂಕಿ ಮಿನುಗುತ್ತಿತ್ತು. ಮೊದಲ ದಿನ ಎಪ್ಪತ್ತೇಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡೆ. ಎಪ್ಪತ್ತಾರೂವರೆ, ಎಪ್ಪತ್ತಾರು, ಎಪ್ಪತ್ತೈದು ಪಾಯಿಂಟ್ ಎಂಟು. ಒಬ್ಬ ಮನುಷ್ಯ ಹೀಗೆ ಚೂರುಚೂರೇ ಕಡಿಮೆಯಾಗುವುದನ್ನು ನೋಡುವುದರಲ್ಲಿ ಏನೋ ಒಂದು ಆಸಕ್ತಿ ಹುಟ್ಟುತ್ತದೆ. ಅವನು ನಿದ್ದೆ ಕಡಿಮೆ ಮಾಡಿದ ದಿನ ಅಂಕಿ ಇಳಿಯುತ್ತಿರಲಿಲ್ಲ. ಉಪ್ಪು ಜಾಸ್ತಿಯಾದ ಮರುದಿನ ಏರುತ್ತಿತ್ತು. ನಾನು ಅದನ್ನೂ ಬರೆದಿಟ್ಟೆ.

ತಾಲೀಮಿಗೆ ಅವನು ದಿನಾ ನನ್ನ ಸ್ಕೂಟಿ ತಗೊಂಡು ಕೆ.ಜಿ.ಎಫ್‌ಗೆ ಹೋಗುತ್ತಿದ್ದ. ನಂದಿದುರ್ಗ ಗಣಿಯ ಕಾರ್ಮಿಕರ ಹಳೇ ಲೈನ್ ಮನೆಗಳ ಕೊನೆಯಲ್ಲಿ ಸೆಲ್ವರಾಜ್ ಅನ್ನುವವರು ತಗಡಿನ ಶೆಡ್ಡಿನಲ್ಲಿ ಜಿಮ್ ನಡೆಸುತ್ತಾರೆ. ಅರವತ್ತು ದಾಟಿದ ಮನುಷ್ಯ, ಅವರಪ್ಪ ಗಣಿಯಲ್ಲಿ ಕೆಲಸ ಮಾಡಿದ್ದವರು. ಗಿರಿ ಸೈನ್ಯಕ್ಕೆ ಹೋಗುವ ಮೊದಲು ಮೈ ಕಟ್ಟಲು ಕಲಿತದ್ದು ಅಲ್ಲೇ. ಒಂದು ದಿನ ನಾನೂ ಜೊತೆಗೆ ಹೋದೆ. ಶೆಡ್ಡಿನ ಮೂಲೆಯಲ್ಲಿ ಹಳೆಯ ಕಾಲದ ಕಬ್ಬಿಣದ ತಕ್ಕಡಿ ಇತ್ತು, ಗುಂಡು ಸರಿಸಿ ತೂಕ ನೋಡುವಂಥದ್ದು. ಗಿರಿ ಸುಮ್ಮನೆ ಹತ್ತಿ ನಿಂತ. ಸೆಲ್ವರಾಜ್ ಗುಂಡು ಸರಿಸಿ, ಕನ್ನಡಕ ಏರಿಸಿಕೊಂಡು ನೋಡಿದರು.

"ಎಪ್ಪತ್ತೇಳೂವರೆ, ತಂಬಿ," ಅಂದರು.

ಅವತ್ತು ಬೆಳಗ್ಗೆ ನನ್ನ ತಕ್ಕಡಿ ಎಪ್ಪತ್ತೈದು ಪಾಯಿಂಟ್ ಎರಡು ತೋರಿಸಿತ್ತು. ನನಗೆ ರೇಗಿತು.

"ನಿಮ್ ತಕ್ಕಡಿ ತುಕ್ಕು ಹಿಡ್ದು ಕೂತೈತೆ, ಅಂಕಲ್. ಎರಡು ಕೆ.ಜಿ. ಜಾಸ್ತಿ ತೋರ್ಸುತ್ತೆ. ನಮ್ದು ಕರೆಂಟಿನ ತಕ್ಕಡಿ. ಇಲಾಖೆಯವ್ರು ಬಂದು ಮುದ್ರೆ ಆಕಿ ಓಗವ್ರೆ. ಒಂದ್ ಲೋಟ ಹೆಚ್ಚುಕಮ್ಮಿ ಆದ್ರೂ ಇಡೀ ಊರು ಜಗಳಕ್ಕೆ ಬತ್ತದೆ."

"ಇದು ಸುಳ್ಳು ಹೇಳಲ್ಲಮ್ಮ. ನಲವತ್ತು ವರ್ಷ ಆಯ್ತು ನಂಗೆ ಗೊತ್ತು," ಅಂದರು ಅವರು ಮೆಲ್ಲಗೆ.

"ನಲವತ್ತು ವರ್ಷ ಆಗಿದ್ದಕ್ಕೇ ಕೆಟ್ಟಿರೋದು," ಅಂದೆ ನಾನು. ಅಲ್ಲಿದ್ದ ಹುಡುಗರೆಲ್ಲ ನಕ್ಕರು. ಸೆಲ್ವರಾಜ್ ಗುಂಡನ್ನು ಮೊದಲಿನ ಜಾಗಕ್ಕೆ ಸರಿಸಿಟ್ಟರು. ಗಿರಿ ದಾರಿಯಲ್ಲಿ "ಅಂಗೆಲ್ಲ ಅನ್ಬಾರ್ದಾಗಿತ್ತು ಶ್ಯಾಮಿ" ಅಂದ. ಆದರೂ ನಂಬಿದ್ದು ನನ್ನ ತಕ್ಕಡಿಯನ್ನೇ.

ಹೊರಡುವ ಗುರುವಾರ ಬೆಳಗ್ಗೆ ಅಂಕಿ ಎಪ್ಪತ್ನಾಲ್ಕು ಪಾಯಿಂಟ್ ನಾಲ್ಕು ಬಂತು. ಗಿರಿ ತಕ್ಕಡಿಯಿಂದ ಇಳಿದು ನನ್ನ ತಲೆ ಮೇಲೊಂದು ಮೊಟಕಿ, ಮಗುವಿನ ಹಾಗೆ ನಕ್ಕ. ಸಂಜೆ ಬಂಗಾರಪೇಟೆಯಿಂದ ಅವನ ರೈಲು. ಸೋಮವಾರದವರೆಗೆ ಇದೇ ತೂಕ ಕಾಪಾಡಿಕೊಂಡರೆ ಸಾಕು. ನಾನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, "ಬೇಗ ಕಳಿಸು ಅವನ್ನ, ಎಸರಿಡ್ತೀನಿ" ಅಂದಳು.

ಹಾಲಿನ ಕೆಲಸ ಮುಗಿಯುತ್ತಿದ್ದ ಹಾಗೆ ಹಸುವಿನ ಫೀಡ್ ತಂದ ಟೆಂಪೋ ಬಂದು ನಿಂತಿತು. ಡೈರಿಯ ಸೆಕ್ರೆಟರಿ ಕೋದಂಡಪ್ಪ ಮೂಟೆ ಎಣಿಸಿಕೊಳ್ಳುತ್ತಿದ್ದರು. ಒಂದೊಂದು ಮೂಟೆಯ ಮೇಲೂ ಐವತ್ತು ಕೆ.ಜಿ. ಅಂತ ಅಚ್ಚಾಗಿತ್ತು. ನನಗೋ ಸುಮ್ಮನಿರಲು ಬರುವುದಿಲ್ಲ. ಯಾವತ್ತೂ ತೂಗದ ಮೂಟೆಯನ್ನು ಅವತ್ತು ತಕ್ಕಡಿ ಮೇಲೆ ಹಾಕಿಸಿದೆ. ನಲವತ್ತೆಂಟೂವರೆ ತೋರಿಸಿತು. ಇನ್ನೊಂದು ಹಾಕಿಸಿದೆ, ನಲವತ್ತೆಂಟೂವರೆ. ಮೂರನೆಯದೂ ಅಷ್ಟೆ.

"ಮೂಟೆಗೆ ಒಂದೂವರೆ ಕೆ.ಜಿ. ನುಂಗ್ತೀರೇನ್ರೀ?" ಅಂತ ಟೆಂಪೋದವನ ಮೇಲೆ ಹರಿಹಾಯ್ದೆ. ಅವನು ಬಾಯಿ ಬಿಡುವಷ್ಟರಲ್ಲಿ ಕೋದಂಡಪ್ಪ ನಗುತ್ತಾ ಬಂದರು.

"ಅಯ್ಯೋ ಬಿಡಮ್ಮ ಅವನ್ನ. ಈ ತಕ್ಕಡಿ ಲೀಟರ್ ತೋರ್ಸೋದು, ಕೆ.ಜಿ. ಅಲ್ಲ. ಆಲು ನೀರಿಗಿಂತ ತೂಕ ಅಲ್ವಾ? ಲೀಟರಿಗೆ ಒಂದು ಕೆ.ಜಿ. ಮೂವತ್ತು ಗ್ರಾಂ. ತಕ್ಕಡಿನೇ ಅದ್ರಿಂದ ಭಾಗಿಸಿ ಲೀಟರ್ ತೋರ್ಸುತ್ತೆ. ನಾಲ್ಕು ವರ್ಷದಿಂದ ನೀನೇ ಬರೀತಿದ್ದೀಯಲ್ಲ!"

ಹೌದು, ನಾನೇ ಬರೆಯುತ್ತಿದ್ದೆ. ದಿನಕ್ಕೆ ನೂರು ಸಲ ಬಾಯಲ್ಲಿ ಲೀಟರ್, ಲೀಟರ್ ಅನ್ನುತ್ತಿದ್ದೆ. ಅದೇ ತಕ್ಕಡಿಯ ಮೇಲೆ ಅಣ್ಣನನ್ನು ನಿಲ್ಲಿಸಿ ಕೆ.ಜಿ. ಅಂತ ಓದುತ್ತಿದ್ದೆ. ಕ್ಯಾಲ್ಕುಲೇಟರ್ ತೆಗೆದುಕೊಂಡು ಲೆಕ್ಕ ಹಾಕಿದೆ. ಎಪ್ಪತ್ತಾರು ಕೆ.ಜಿ. ಆರುನೂರು ಗ್ರಾಂ. ಮತ್ತೊಮ್ಮೆ ಹಾಕಿದೆ, ಅಷ್ಟೇ ಬಂತು. ನಾಲ್ಕು ದಿನ ಉಳಿದಿತ್ತು, ಅವನ ಮೈಮೇಲೆ ಇನ್ನೂ ಒಂದು ಕೆ.ಜಿ. ಆರುನೂರು ಗ್ರಾಂ ಹೆಚ್ಚಿತ್ತು. ಟೆಂಪೋದವನ ಎದುರೇ ನನಗೆ ಅಳು ಬಂತು.

ಸ್ಕೂಟಿ ಹತ್ತಿದೆ. ಡೈರಿಯಿಂದ ಮನೆಗೆ ಮೂರು ನಿಮಿಷದ ದಾರಿ. ಆ ಮೂರು ನಿಮಿಷವೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಈಗ ಹೇಳದಿದ್ದರೆ ಅಮ್ಮ ಉಣ್ಣಿಸುತ್ತಾಳೆ, ಅವನು ಉಂಡು ಸಂತೋಷವಾಗಿ ರೈಲು ಹತ್ತುತ್ತಾನೆ, ಸಂಜೆ ಸ್ಟೇಷನ್ನಿನಲ್ಲಿ ಮೆಲ್ಲಗೆ ಹೇಳಿದರಾಯಿತು. ಒಂದು ಊಟದಲ್ಲಿ ಏನು ಮುಳುಗಿಹೋಗುತ್ತದೆ? ಇದನ್ನೆಲ್ಲ ಅಮ್ಮನ ಮೇಲಿನ ಪ್ರೀತಿಗೆ ಯೋಚಿಸಿದೆ ಅಂತ ಹೇಳಿಕೊಳ್ಳಬಹುದು. ನಿಜ ಹೇಳುವುದಾದರೆ, ತಪ್ಪು ನನ್ನದು ಅಂತ ಒಪ್ಪಿಕೊಳ್ಳುವುದನ್ನು ಸಂಜೆಯವರೆಗೆ ಮುಂದೂಡುವ ಆಸೆ ಅದು. ಬೇರೆಯವರ ಹಾಲಿನಲ್ಲಿ ನೀರು ಕಂಡರೆ ಒಂದು ಕ್ಷಣವೂ ತಡೆಯದವಳು ನಾನು.

ಮನೆಯೊಳಗೆ ಹೋದಾಗ ಗಿರಿ ಚಾಪೆಯ ಮೇಲೆ ಕೂತಿದ್ದ. ಮುಂದೆ ತಟ್ಟೆ, ತಟ್ಟೆಯಲ್ಲಿ ಹೊಗೆಯಾಡುವ ದೊಡ್ಡ ಮುದ್ದೆ, ಬಟ್ಟಲು ತುಂಬ ಕೋಳಿ ಸಾರು. ಅಮ್ಮ ಎದುರಿಗೆ ಮಂಡಿಯೂರಿ ಕೂತು, ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ತುತ್ತನ್ನು ಅವನ ಬಾಯಿಯ ಹತ್ತಿರ ಹಿಡಿದಿದ್ದಳು. ಇಪ್ಪತ್ತೆಂಟು ದಿನದಲ್ಲಿ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ.

"ಅಣ್ಣಾ, ನಮ್ ತಕ್ಕಡಿ ಲೀಟರ್ ತೋರ್ಸೋದು. ನಿನ್ ತೂಕ ಎಪ್ಪತ್ತಾರೂವರೆ ಮೇಲೈತೆ. ಸೆಲ್ವರಾಜ್ ಅಂಕಲ್ ಹೇಳಿದ್ದೇ ನಿಜ," ಅಂದುಬಿಟ್ಟೆ.

ಗಿರಿ ನನ್ನನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವನು ಅಮ್ಮನ ಕಡೆ ತಿರುಗಿದ. ಅವಳ ಕೈ ಇನ್ನೂ ಹಾಗೇ ಇತ್ತು.

"ಒಂದ್ ತುತ್ತಿಗೆ ಏನಾಗಲ್ಲಮ್ಮ. ಆಕು," ಅಂತ ಬಾಯಿ ತೆರೆದ.

ಅಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ," ಅಂದಳು.

"ಅಮ್ಮಾ..."

"ಬ್ಯಾಡ ಅಂದ್ನಲ್ಲ. ಏಳು ಮ್ಯಾಲೆ. ಇಲ್ಲಿಗಂಟ ಹಿಮದಾಗೆ ಒಣಗಿ ಬಂದವ್ನು, ಒಂದ್ ತುತ್ತಿಗೆ ಬಾಯ್ ಬಿಡ್ತಾನೆ!" ಹಾಗೆ ಗದರಿಸಿ, ಅವನ ಮುಂದಿನ ತಟ್ಟೆಯನ್ನೇ ಕಿತ್ತುಕೊಂಡು ಒಳಗೆ ಹೋದಳು. ಗುಡ್ಡದ ಮೇಲಿನ ಪಾಡನ್ನು ಅವನು ನನಗೆ ಮಾತ್ರ ಹೇಳಿದ್ದಾನೆ ಅಂದುಕೊಂಡಿದ್ದೆ. ಹಿತ್ತಲಲ್ಲಿ ನಾವು ಸಂಜೆ ಹೊತ್ತು ಆಡಿದ ಮಾತನ್ನೆಲ್ಲ ಅವಳು ಹಸುಗಳಿಗೆ ಹುಲ್ಲು ಹಾಕುತ್ತಾ ಕೇಳಿಸಿಕೊಂಡಿದ್ದಳು ಅಂತ ಆಗ ಗೊತ್ತಾಯಿತು. ಮರಳಿನ ಕ್ಯಾನು, ರಮ್ಮು, ಫ್ಲಾಸ್ಕಿನ ಕಡಲೆ, ಎಲ್ಲವನ್ನೂ.

ನಾವಿಬ್ಬರೂ ನೇರ ನಂದಿದುರ್ಗಕ್ಕೆ ಹೋದೆವು. ಸೆಲ್ವರಾಜ್ ಗುಂಡು ಸರಿಸಿ ನೋಡಿ "ಎಪ್ಪತ್ತಾರೂವರೆ, ಇನ್ನೊಂದು ಚೂರು" ಅಂದರು. ನಾನು ಆ ಹುಡುಗರ ಎದುರಲ್ಲೇ "ತಪ್ಪು ನಂದು, ಅಂಕಲ್" ಅಂದೆ. ಅವರು ನನ್ನ ಕಡೆ ನೋಡಿ ಕೈ ಬೀಸಿದರು, ಅಷ್ಟೆ. ಗಿರಿಯನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಇವತ್ತಿನಿಂದ ಉಪ್ಪು ಮುಟ್ಟಬೇಡ, ನೀರು ಎಷ್ಟು, ಯಾವಾಗಿಂದ ಕಡಿಮೆ ಮಾಡಬೇಕು, ರೈಲಿನಲ್ಲಿ ಕೂತಲ್ಲೇ ಕೂರಬೇಡ, ತಲೆ ಸುತ್ತಿದರೆ ಹಟ ಮಾಡದೆ ನಿಲ್ಲಿಸು. "ನಾಲ್ಕು ದಿನ ಇದೆ ತಂಬಿ. ಆಗುತ್ತೆ, ಕಷ್ಟ ಪಡಬೇಕು," ಅಂದರು. ಗಿರಿ ಅವರ ಕಾಲು ಮುಟ್ಟಿದ.

ಬಂಗಾರಪೇಟೆ ಸ್ಟೇಷನ್ನಿಗೆ ಅಮ್ಮನೂ ಬಂದಳು. ಎಲ್ಲ ತಾಯಂದಿರ ಕೈಯಲ್ಲೂ ಬುತ್ತಿ ಇತ್ತು. ಅಮ್ಮನ ಕೈಯಲ್ಲಿ ಅವನ ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಉಪ್ಪಿಲ್ಲದ ಕೋಳಿಯನ್ನು ಅವಳೇ ಬೇಯಿಸಿ, ಅವನ ಅಡುಗೆ ತಕ್ಕಡಿಯಲ್ಲಿ ಅವಳೇ ತೂಗಿ ತುಂಬಿದ್ದಳು. ರೈಲು ಹೊರಟಾಗ "ಜಾಸ್ತಿ ತಿನ್ಬೇಡ ಕಣ್ಲಾ" ಅಂತ ಕೂಗಿದಳು. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನಮ್ಮನ್ನು ವಿಚಿತ್ರವಾಗಿ ನೋಡಿದಳು.

ಶುಕ್ರವಾರ, ಶನಿವಾರ, ಭಾನುವಾರ ಗಿರಿ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಡೈರಿಯಲ್ಲಿ ಅಂಕಿ ತಪ್ಪು ಬರೆದು ಎರಡು ಸಲ ಬೈಸಿಕೊಂಡೆ. ಆ ತಕ್ಕಡಿಯನ್ನು ಕಂಡರೆ ಮೈ ಉರಿಯುತ್ತಿತ್ತು, ಅದರದೇನೂ ತಪ್ಪಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಫೋನ್ ಬಂತು. ನಾನು ಸ್ಪೀಕರ್ ಹಾಕಿದೆ. ಅವನ ಗಂಟಲು ಒಣಗಿ ಕರಕರ ಅನ್ನುತ್ತಿತ್ತು.

"ಎಪ್ಪತ್ನಾಲ್ಕು ಒಂಬೈನೂರು," ಅಂದ.

"ಆಮೇಲೆ?"

"ತಗೊಂಡ್ರು ಕಣೇ. ಎಪ್ಪತ್ತೈದರಲ್ಲಿ ಇಬ್ಬರ್ನ ತಗೊಂಡ್ರು, ನಾನು ಎರಡನೆಯವ್ನು."

ನಾನು ಕಿರುಚಿದೆ. ಹೊರಗಿದ್ದ ಅಪ್ಪ ಹಸುವಿಗೆ ಏನೋ ಆಯಿತು ಅಂತ ಹಗ್ಗ ಹಿಡಿದು ಓಡಿಬಂದ. ಅಮ್ಮ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದಳು, ಅಲ್ಲಾಡಲಿಲ್ಲ.

"ಗಿರೀ," ಅಂದಳು. "ಅವತ್ತು ಆ ಮುದ್ದೆ ಉಂಡಿದ್ದಿದ್ರೆ?"

ಗುರುವಾರ ಉಂಡ ಮುದ್ದೆ ಸೋಮವಾರದ ತೂಕದಲ್ಲಿ ಉಳಿಯುವುದಿಲ್ಲ. ಅದು ನನಗೂ ಗೊತ್ತು, ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅತ್ತ ಕಡೆ ಅವನು ಉಸಿರೆಳೆದುಕೊಂಡದ್ದು ಕೇಳಿಸಿತು.

"ಉಂಡಿದ್ರೆ ಓಗ್ತಿತ್ತಮ್ಮ. ನೀನು ತಟ್ಟೆ ಕಿತ್ಕೊಂಡಿದ್ದಕ್ಕೇ ಆಗಿದ್ದು," ಅಂದ.

ಸುಳ್ಳೊಂದನ್ನು ಕೇಳಿ ಸುಮ್ಮನಿದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು ಇರಬೇಕು.

ಅಮ್ಮ ಅಲ್ಲೇ ಕುಸಿದು ಕೂತು ಅತ್ತಳು, ಅಳುತ್ತಲೇ ಎಲ್ಲ ಹೇಳಿಬಿಟ್ಟಳು. ಉಣ್ಣುವ ಮಗನ ತುತ್ತು ನನ್ನ ಕೈಯಾರೆ ಕಿತ್ತುಕೊಂಡೆನಲ್ಲ ಅಂತ ಗುರುವಾರದಿಂದ ಅವಳು ಒಂದು ಮುದ್ದೆಯನ್ನೂ ಮುಟ್ಟಿರಲಿಲ್ಲ. ನಮಗೆಲ್ಲ ಬಡಿಸಿ, ಆಮೇಲೆ ಉಣ್ತೀನಿ ಅಂತ ಹೇಳಿ, ಕಾಫಿ ಕುಡಿದುಕೊಂಡು ದಿನ ತಳ್ಳಿದ್ದಳು. ಅಣ್ಣನ ಮೈಯ ಒಂದೊಂದು ಗ್ರಾಮನ್ನೂ ಬರೆದಿಟ್ಟುಕೊಂಡ ನನಗೆ, ಎದುರಿಗೇ ಓಡಾಡುತ್ತಿದ್ದ ಅಮ್ಮ ನಾಲ್ಕು ದಿನದಿಂದ ಉಂಡಿಲ್ಲ ಅನ್ನುವುದು ಕಂಡಿರಲಿಲ್ಲ.

"ಅಮ್ಮ ಏನ್ ಮಾಡ್ತಾವ್ಳೆ?" ಅಂತ ಗಿರಿ ಕೇಳಿದ.

ಅಮ್ಮ ಮೂಗು ಒರೆಸಿಕೊಂಡು ಎದ್ದು, ಒಳಗಿನಿಂದ ಮುದ್ದೆ ಹಾಕಿದ ತಟ್ಟೆ ತಂದು, ಫೋನಿನ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಮಧ್ಯಾಹ್ನದ ಮುದ್ದೆ ಆರಿ ಗಟ್ಟಿಯಾಗಿತ್ತು. ಅವಳು ದೊಡ್ಡದೊಂದು ತುತ್ತು ಮುರಿದಳು.

"ಉಣ್ತಾವ್ಳೆ ಕಣಣ್ಣಾ," ಅಂದೆ ನಾನು.